ಎ ಫಾರ್ ಆ್ಯಪಲ್ ಅನ್ನೋದು ಅಷ್ಟು ಹಗುರ ಕೆಲಸ ಅಲ್ರೀ ವೈನಿ

ತುಳಸಿ ಲಗ್ನದ ದಿನ ನಮ್ಮ ಓಣಿಯೊಳಗ ಅರಿಶಿಣ ಕುಂಕುಮಕ್ಕ ಹೋಗಿದ್ದೆ. ಅಲ್ಲೆ ಒಬ್ಬ ವೈನಿ, ಹೆಸರು ಬ್ಯಾಡ, ಇದನ್ನ ಓದ್ತಾರ ಅಂತ ನಂಗ ಗೊತ್ತದ, ಎಲ್ಲಾರ ಮುಂದ ಹಿಂಗಂದ್ರು: “ನಿನ್ನ ಮಗಳದೇನವಾ, ಜಪಾನದಾಗ ಕೂತು ಎ ಫಾರ್ ಆ್ಯಪಲ್, ಬಿ ಫಾರ್ ಬಾಲ್ ಅಂತ ಹೇಳಿ ಲಕ್ಷಗಟ್ಟಲೆ ಎಣಸ್ತಾಳ. ಬರ್ಫಿನ್ಯಾಗ ಆಡ್ಕೋತ ಫೋಟೋ ಹಾಕ್ತಾಳ. ಪುಣ್ಯಾ ಮಾಡಿದ್ಲು ನೋಡು.”

ಎಲ್ಲಾರೂ ನಕ್ರು. ನಾನೂ ನಕ್ಕೆ. ಮಂದಿ ಮನಿ ಕಟ್ಟಿ ಮ್ಯಾಲೆ ಕೂತು ಜಗಳ ಮಾಡೋದು ಛಲೋ ಅಲ್ಲ ಅಂತ ಕೋಸಂಬರಿ ತಿಂದು, ಉಡಿ ತುಂಬಿಸ್ಕೊಂಡು ಬಂದೆ. ಆದ್ರ ರಾತ್ರಿ ನಿದ್ದಿ ಹತ್ತಲಿಲ್ಲ. ಅಲ್ಲೆ ನುಂಗಿದ್ದು ಇಲ್ಲೆ ಬರೀಲಿಕ್ಕೆ ಹತ್ತೀನಿ. ಸ್ವಲ್ಪ ಖಾರ ಆಗಿದ್ರ ಸಿಟ್ಟು ಮಾಡ್ಕೋಬ್ಯಾಡ್ರಿ.

ಮೊದಲ ನನ್ನ ತಪ್ಪು ಹೇಳ್ಕೋತೀನಿ. ಆ ಬರ್ಫಿನ ಫೋಟೋ ಅಕಿ ಹಾಕಿದ್ದಲ್ಲ, ನಾ ಹಾಕಿದ್ದು. ಅಕಿ ನಂಗ ಕಳಿಸಿದ್ಲು, ನಾ ನಮ್ಮ ಗ್ರುಪ್ಪಿಗೆ ಹಾಕಿದೆ, ‘ನನ್ನ ಮಗಳ ಊರು’ ಅಂತ ಬರದು ಹೂವಿನ ಚಿತ್ರಾನೂ ಇಟ್ಟೆ. ಅದರ ಹಿಂದಿನ ದಿನಾ ಫೋನಿನ್ಯಾಗ “ಅವ್ವಾ, ಕೈಬೆರಳು ಸೆಟಗೊಂಡಾವ, ಆಮ್ಯಾಲೆ ಮಾತಾಡ್ತೀನಿ” ಅಂದದ್ದನ್ನ ಹಾಕಲಿಲ್ಲ. ಹಂಗಾಗಿ ವೈನಿದು ಪೂರ್ತಿ ತಪ್ಪಲ್ಲ. ತೋರಿಸಿದ್ದನ್ನ ನೋಡ್ಯಾರ.

ಹೋದ ವರ್ಷ ಸಂಕ್ರಮಣ ಮುಗಿಸ್ಕೊಂಡು ನಾ ಅಲ್ಲಿಗೆ ಹೋದೆ, ಶಿವರಾತ್ರಿ ಸುಮಾರಿಗೆ ವಾಪಸ್ ಬಂದೆ. ಊರು ಇರೋದು ಅಓಮೋರಿ ಪ್ರಾಂತದಾಗ. ಜಪಾನದ ದೊಡ್ಡ ನಡುಗಡ್ಡಿ ಹೊನ್ಶು ಅಂತದಲ್ಲ, ಅದರ ಉತ್ತರದ ತುದಿ. ವೈನಿ ಆ್ಯಪಲ್ ಅಂದ್ರಲ್ಲ, ಚೇಷ್ಟಾಕ್ಕಂದ್ರೂ ಮಾತು ಖರೇ: ಜಪಾನದಾಗ ಬೆಳಿಯೋ ಸೇಬಿನಾಗ ಅರ್ಧಕ್ಕಿಂತ ಹೆಚ್ಚು ಇದೊಂದ ಪ್ರಾಂತದ್ದು. ಬರ್ಫೂ ಅಷ್ಟ. ಅಲ್ಲೆ ಸುಕಾಯು ಅಂತ ಗುಡ್ಡದ ಮ್ಯಾಲೆ ಬಿಸಿನೀರಿನ ಬುಗ್ಗಿ ಇರೋ ಜಾಗಾ ಅದ, 2013ರ ಫೆಬ್ರುವರಿ 26ಕ್ಕ ಅಲ್ಲೆ ನೆಲದ ಮ್ಯಾಲೆ 566 ಸೆಂಟಿಮೀಟರ್ ಬರ್ಫ ಅಳದಾರ. ನಮ್ಮ ಮನಿ ಮಾಳಗಿಗಿಂತ ಎತ್ತರ. ಮಗಳ ಊರಾಗ ಅಷ್ಟಿಲ್ಲ, ಆದ್ರ ಕಿಟಕಿ ಅರ್ಧ ಮುಚ್ಚಿತ್ತು ಅಂದ್ರ ತಿಳ್ಕೋರಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಆಮ್ಯಾಲೆ ಮರೀತದ. ಆ ಕಡೆ ಮಂದಿ ಮಾತಾಡೋ ಜಪಾನಿಗೆ ತ್ಸುಗಾರು ಮಾತು ಅಂತಾರ. ಟೋಕಿಯೋದವ್ರಿಗೇ ಅದು ತಿಳೀಯೂದಿಲ್ಲಂತ, ನಮ್ಮ ಕಡೆ ಮಾತು ಕೇಳಿ ಬೆಂಗಳೂರವ್ರು “ಏನಂದ್ರಿ?” ಅಂತಾರಲ್ಲ ಹಂಗ. ಒಬ್ಬಾಂವ “ದೋಸಾ?” ಅಂತಾನ, ಇನ್ನೊಬ್ಬಾಂವ “ಯುಸಾ” ಅಂತಾನ. ಎಲ್ಲಿಗೆ ಹೊಂಟಿ, ಬಿಸಿನೀರಿನ ಸ್ನಾನಕ್ಕ ಹೊಂಟೀನಿ ಅಂತ ಅರ್ಥ. ಮುಗೀತು ಮಾತು. ಥಂಡಿಗೆ ಬಾಯಿ ಹೆಚ್ಚು ತೆಗೀಬಾರದು ಅಂತ ಹಿಂಗಾಗೇದ ಅಂತ ಅವರ ನಗ್ತಾರ. ನಂಗ ಮಾತ್ರ “ದೋಸಾ” ಅಂತ ಕೇಳಿದ ಕೂಡ್ಲೆ ಹಸಿವಿ ಆತು.

ಈಗ ಮನಿ ವಿಷಯ. ಜಪಾನ ಅಂದ್ರ ಎಲ್ಲಾ ಬಟನ್ ಒತ್ತಿದ್ರ ಆಗ್ತದ ಅಂತ ನಾ ತಿಳಕೊಂಡಿದ್ದೆ. ಮಗಳ ಮನಿ ಎರಡು ಖೋಲಿದು, ಹಳೇದು, ತೆಳ್ಳನ ಗ್ವಾಡಿ. ಮುಂಜಾನೆ ಎದ್ದಾಗ ಒಳಗ 3 ಡಿಗ್ರಿ. ಉಸಿರು ಬಿಟ್ರ ಮನಿಯೊಳಗನ ಹೊಗಿ ಬರ್ತಿತ್ತು. ಕಾಯಿಸಲಿಕ್ಕೆ ಇರೋದು ಚಿಮಣಿ ಎಣ್ಣಿ ಹೀಟರ್. ಹೌದ್ರಿ, ನಾವು ಹಿಂದ ಪಾಳಿ ಹಚ್ಚಿ ರೇಶನ್ನಿನ್ಯಾಗ ತರತಿದ್ವಲ್ಲ, ಅದ ಚಿಮಣಿ ಎಣ್ಣಿ. ಹದಿನೆಂಟು ಲೀಟರಿನ ಪ್ಲಾಸ್ಟಿಕ್ ಡಬ್ಬಿಯೊಳಗ ತರೋದು, ಪಂಪಿಲೆ ಹೀಟರಿನ ಟಾಕಿಗೆ ಹಾಕೋದು. ಮೂರು ತಾಸಾತಂದ್ರ ಅದು ಕೂಗಿ ತಾನ ಆರಿಹೋಗ್ತದ, ಮತ್ತ ಎದ್ದು ಹಚ್ಚಬೇಕು. ತಾಸಿಗೊಮ್ಮೆ ಕಿಟಕಿ ಬ್ಯಾರೆ ತೆಗೀಬೇಕು, ಇಲ್ಲಂದ್ರ ಹೊಗಿ ಕುಡದು ಸತ್ತಹೋಗ್ತಾರ. ಕಾಯಿಸಿದ್ದೆಲ್ಲಾ ಹೊರಗ. ಕೂಡ್ಲಿಕ್ಕೆ ಕೋತಾತ್ಸು ಅಂತ ಗಿಡ್ಡ ಮೇಜು ಇರ್ತದ, ಕೆಳಗ ಸಣ್ಣ ಹೀಟರ್, ಮ್ಯಾಲೆ ದಪ್ಪ ಹಾಸಿಗಿ ಹೊಚ್ಚಿರ್ತಾರ. ಕಾಲು ಒಳಗ ಹಾಕಿ ಕೂತ್ರ ಸ್ವರ್ಗ. ನಾ ಒಯ್ದಿದ್ದ ನಮ್ಮವ್ವ ಹೊಲದ ಕೌದಿ ಅದರ ಮ್ಯಾಲೆ ಇನ್ನೊಂದು ಹಾಸಿದೆ. ಈಗೂ ಅಲ್ಲೇ ಅದ.

ರಾತ್ರಿ ಮಲಗೂಕಿಂತ ಮೊದಲ ನಳದ ನೀರೆಲ್ಲಾ ಇಳಿಸಬೇಕು. ಒಂದು ಹಿಡಿಕಿ ಇರ್ತದ, ಅದನ್ನ ತಿರುವಿ ಎಲ್ಲಾ ನಳ ಬಿಚ್ಚಿಟ್ರ ಪೈಪಿನ್ಯಾಗಿನ ನೀರು ಹೊರಗ ಹೋಗ್ತದ. ಇಲ್ಲಂದ್ರ ಪೈಪಿನ್ಯಾಗನ ಬರ್ಫಾಗಿ ಒಡೀತದ. ಮಗಳು ಮೊದಲನೇ ದಿನಾನ ಹೇಳಿದ್ಲು. ಆದ್ರ ನಿಮಗೂ ಗೊತ್ತದ, ಮುಸುರಿ ಪಾತ್ರೆ ಇಟ್ಟು ಮಲಗಿದ್ರ ನಂಗ ನಿದ್ದಿ ಬರೂದಿಲ್ಲ. ಒಂದು ರಾತ್ರಿ ಅಕಿ ನೀರು ಇಳಿಸಿ ಮಲಗಿದ ಮ್ಯಾಲೆ ನಾ ಎದ್ದೆ, ಹಿಡಿಕಿ ತಿರುವಿದೆ, ಎರಡು ಪಾತ್ರೆ ತಿಕ್ಕಿದೆ, ಜಾಣಿಯಂಗ ನಳ ಬಿಗಿಯಾಗಿ ಬಂದ್ ಮಾಡಿ ಮಲಗಿದೆ. ಮುಂಜಾನೆ ಒಂದು ಹನಿ ಬರಲಿಲ್ಲ. ಬಾಜೂ ಮನಿ ಅಜ್ಜಿ ಬಂದು ನೋಡಿ, ಒಂದು ಟವೆಲ್ ಸುತ್ತಿ ಉಗುರುಬೆಚ್ಚನ ನೀರು ಹಾಕಿದ್ರು, ಕುದಿಯೋ ನೀರು ಹಾಕಬ್ಯಾಡ ಅಂತ ಕೈ ಮಾಡಿ ಹೇಳಿದ್ರು. ಆಗಲಿಲ್ಲ. ರಿಪೇರಿಯಾಂವ ಬಂದ, 15,000 ಯೆನ್ ಇಸ್ಕೊಂಡ. ಮಗಳು ಒಂದು ಮಾತೂ ಅನ್ನಲಿಲ್ಲ. ಒಂದು ವಹಿಯೊಳಗ ಬರಕೊಂಡ್ಲು ಅಷ್ಟ. ಆ ವಹಿ ನಾ ತೆಗದು ನೋಡಿದ್ದು ಅವತ್ತು. ಅದರ ವಿಷಯ ಆಮ್ಯಾಲೆ ಹೇಳ್ತೀನಿ.

ಅಕಿ ಏಳೋದು ಐದೂವರಿಗೆ. ಹೊರಗ ಗವ್ವನ ಕತ್ತಲಿ. ಮೊದಲ ಬಾಗಿಲಾ ಮುಂದಿನ ಬರ್ಫ ತೆಗೀಬೇಕು. ನಮ್ಮಂಗ ಕಸಾ ಹೊಡದು ರಂಗೋಲಿ ಹಾಕೋದಲ್ಲ ಅದು. ರಾತ್ರಿ ರಸ್ತೆ ಸ್ವಚ್ಛ ಮಾಡೋ ದೊಡ್ಡ ಗಾಡಿ ಬಂದು ರಸ್ತೆದಾಗಿಂದೆಲ್ಲಾ ದೂಡಿ ನಮ್ಮ ಬಾಗಿಲಾ ಮುಂದ ಗ್ವಾಡಿ ಕಟ್ಟಿ ಹೋಗಿರ್ತದ, ಕಲ್ಲಿನಂಗ ಗಟ್ಟಿ. ಅದನ್ನ ತೆಗೀಲಿಕ್ಕೆ ಎರಡೂ ಕೈಲೆ ದೂಡೋ ದೊಡ್ಡ ಮೊರದಂಥಾದ್ದು ಒಂದದ. ಅದರ ಹೆಸರೇನು ಗೊತ್ತೇನ್ರೀ? ‘ಮಾಮಾ-ಸಾನ್ ಡಂಪ್’. ಮಾಮಾ ಅಂದ್ರ ಅವ್ವ. ಮನಿ ಹೆಂಗಸರೂ ದೂಡಬಹುದು ಅಂತ ಆ ಹೆಸರಂತ. ಎಲ್ಲೇ ಹೋಗ್ರಿ, ಸೊಂಟಾ ಮುರಿಯೋ ಕೆಲಸಕ್ಕ ಅವ್ವನ ಹೆಸರು ಇಡ್ತಾರ. ನಾ ಒಂದಿನಾ ದೂಡಿದೆ, ಮೂರು ದಿನಾ ಕೋತಾತ್ಸು ಬಿಟ್ಟು ಏಳಲಿಲ್ಲ. ಅಕಿ ನಲವತ್ತು ಮಿನಿಟು ಇದನ್ನ ಮಾಡಿ, ಚಪಾತಿ ಪಲ್ಯಾ ಡಬ್ಬಿ ಕಟಗೊಂಡು, ಬಸ್ ಹಿಡದು, ಇಳದು, ಇಪ್ಪತ್ತು ಮಿನಿಟು ಬರ್ಫಿನ್ಯಾಗ ನಡದು ಸಾಲಿಗೆ ಮುಟ್ಟಬೇಕು. ಇಂಥಾ ಮೂರು ಸಾಲಿ ಅಕಿಗೆ. ಸೋಮವಾರ ಒಂದು, ಮಂಗಳವಾರ ಇನ್ನೊಂದು.

ಎ ಫಾರ್ ಆ್ಯಪಲ್ ಶುರು ಆಗೋದು ಇದೆಲ್ಲಾ ಆದ ಮ್ಯಾಲೆ.

ಸಾಲಿ ಬಾಗಿಲದಾಗ ಬೂಟು ಕಳದು ಒಳಗಿನ ಚಪ್ಪಲಿ ಹಾಕ್ಕೋಬೇಕು. ಕ್ಲಾಸಿನ್ಯಾಗ ಒಲಿ ಇರ್ತದ, ಹೊರಗ ಪಡಸಾಲಿಯೊಳಗ ಇರೂದಿಲ್ಲ. ಒಂದು ತಾಸು ಬೆವರು, ಮುಂದಿನ ತಾಸಿಗೆ ಹೋಗೂದ್ರಾಗ ನಡುಕ. ಜಪಾನದಾಗ 2020ರಿಂದ ಐದನೇ, ಆರನೇ ಇಯತ್ತೆಗೆ ಇಂಗ್ಲಿಷು ಖರೇ ವಿಷಯ ಆಗೇದ, ಮಾರ್ಕ್ಸ್ ಹಾಕೋವಂಥಾದ್ದು. ಮೂರನೇ, ನಾಕನೇದವ್ರಿಗೆ ಆಟಾ-ಹಾಡಿನ ಗತೆ ಕಲಿಸ್ತಾರ. ಅಂದ್ರ ಒಂದ ದಿನದಾಗ ಎಂಟು ವರ್ಷದ ಕೂಸಿಗೆ ಕುಣದು ತೋರಸ್ಬೇಕು, ಹನ್ನೆರಡು ವರ್ಷದ ಹುಡುಗಗ ವಾಕ್ಯ ಹೇಳಿಕೊಡಬೇಕು. ಮಾಸ್ಕ್ ಹಾಕ್ಕೊಂಡು, ಒಲಿ ಗಾಳಿಗೆ ಒಣಗಿದ ಗಂಟಲಿಲೆ, ದಿನಕ್ಕ ಐದು ತಾಸು, ಅದ ಮಾತು ಮೂವತ್ತು ಸಲ. ಆಮ್ಯಾಲೆ ಹುಡುಗೂರ ಜೋಡಿ ಸಾಲಿ ಕಸಾ ಹೊಡೆಯೋದು, ತಣ್ಣನ ನೀರಿನ ಅರಿವಿಲೆ ನೆಲಾ ಒರಸೋದು. ಇದು ನಂಗ ಮನಸಿಗೆ ಬಂತು, ಅಲ್ಲೆ ಹುಡುಗೂರ ಸಾಲಿ ಸ್ವಚ್ಛ ಇಡ್ತಾರ. ಜನೇವರಿದಾಗನೂ ಚಡ್ಡಿ ಹಾಕ್ಕೊಂಡು ಬರೋ ಗಟ್ಟಿ ಹುಡುಗೂರು! ನಮ್ಮವ್ರಾಗಿದ್ರ ಅಜ್ಜಿ ಕಿವಿಗೆ ಹತ್ತಿ ಇಟ್ಟು ಕಳಿಸ್ತಿದ್ಲು.

ಮಧ್ಯಾಹ್ನದ ಊಟಾ ಸಾಲಿಯೊಳಗ ಎಲ್ಲಾರಿಗೂ ಒಂದ. ಸಾರಿನಿಂದ ಹಿಡದು ಪಲ್ಯಾದ ತನಾ ಮೀನಿನ ರಸ. ಇಕಿ ತಣ್ಣನ ಚಪಾತಿ ತಿಂತಾಳ. ಅದಕ್ಕೇನು ಅಕಿ ಗೊಣಗೂದಿಲ್ಲ.

ಅಕಿಗೆ ಹತ್ತಿದ್ದು ಬ್ಯಾರೆ. ಸಾಲಿಯೊಳಗ ಭಾಳ ಮಂದಿ ಹೆಸರು ಹಿಡದು ಕರೆಯೂದಿಲ್ಲ. ಸಹಾಯಕ ಮಾಸ್ತರಿಗೆ ಇಂಗ್ಲಿಷಿನ ಮೂರು ಅಕ್ಷರ ಇಟ್ಟಾರ, ‘ಎಎಲ್‌ಟಿ’ ಅಂತ. ‘ಎಎಲ್‌ಟಿ ಸೆನ್ಸೇ’ ಅಂತ ಕರೀತಾರ. ಸೆನ್ಸೇ ಅಂದ್ರ ಗುರುಗಳು, ಅದು ಛಲೋ ಮಾತು. ಆದ್ರ ಉಳದ ಮಾಸ್ತರಿಗೆ ಹೆಸರು ಅದ, ಇಕಿಗೆ ಹುದ್ದೆ ಅದ. ಎಂ.ಎ., ಬಿ.ಎಡ್. ಆದಾಕಿ ನನ್ನ ಮಗಳು. ಇಂಗ್ಲಿಷು ಕಲಸ್ಲಿಕ್ಕೆ ವೀಸಾ ಬೇಕಂದ್ರ ಹನ್ನೆರಡು ವರ್ಷ ಇಂಗ್ಲಿಷಿನಾಗ ಓದೀನಿ ಅಂತ ಕಾಗದಾ ತೋರಿಸಬೇಕಿತ್ತು. ಒಂದನೇ ಇಯತ್ತೆದಿಂದ ಹಿಡದು. ಹಳೇ ಸಾಲಿಗೆ ನಾಕು ಸಲ ಹೋಗಿ ಆ ಕಾಗದಾ ತಂದಾಕಿ ನಾನ, ಪಿಯುಸಿಯೊಳಗ ಇಂಗ್ಲಿಷಿಗೆ 38 ಬಂದಾಕಿ. ಇಷ್ಟೆಲ್ಲಾ ತೋರಿಸಿ ಹೋದ ಮ್ಯಾಲೆ ಕಂಪನಿ ತರಬೇತಿದಾಗ ಒಬ್ಬಾಂವ ‘ವಾಟರ್’ ಅನಬ್ಯಾಡ, ಅಮೆರಿಕದವ್ರಂಗ ‘ವಾಡರ್’ ಅನ್ನು ಅಂದನಂತ. ಅಂವಗ ನೀರಡಿಕಿ ಆದಾಗ ಏನಂತಾನೋ ಯಾರಿಗೆ ಗೊತ್ತು.

ಕಂಪನಿ ಅಂದೆ ಅಲ್ಲ. ಇಲ್ಲೇ ಅದ ನೋಡ್ರಿ ಗಂಟು. ಜಪಾನದಾಗ 1987ರಿಂದ ಜೆಟ್ ಅಂತ ಸರ್ಕಾರದ ಯೋಜನಾ ಅದ. ಅದರಾಗ ಹೋದವ್ರಿಗೆ ಅಲ್ಲಿನ ಊರಿನ ಆಡಳಿತನ ನೇರ ನೌಕರಿ ಕೊಡ್ತದ, ತಿಂಗಳಾ ತಿಂಗಳಾ ಪಗಾರ. ಇನ್ನೊಂದು ದಾರಿ ಅಂದ್ರ ಗುತ್ತಿಗಿ ಕಂಪನಿ. ಊರಿನವ್ರು ಕಂಪನಿಗೆ ರೊಕ್ಕಾ ಕೊಡ್ತಾರ, ಕಂಪನಿ ಮಾಸ್ತರನ್ನ ಕಳಸ್ತದ. ನನ್ನ ಮಗಳು ಎರಡನೇ ದಾರಿಯಾಕಿ. ಏಪ್ರಿಲ್‌ದಿಂದ ಮಾರ್ಚ್ ತನಾ ಒಂದ ವರ್ಷದ ಕರಾರು. ವಾರಕ್ಕ 29.5 ತಾಸು ಅಂತ ಬರದಾರ, ಮೂವತ್ತಲ್ಲ. ಆ ಅರ್ಧಾ ತಾಸು ಯಾಕ ಕಡಿಮಿ ಇರ್ತದ ಅಂತ ನಿಮ್ಮ ಮನಿಯೊಳಗ ನೌಕರಿ ಮಾಡೋರನ್ನ ಕೇಳ್ರಿ, ಹೇಳ್ತಾರ. ಮತ್ತ ಸೂಟಿ ಇದ್ದ ತಿಂಗಳಾ ಪಗಾರ ಕಡತ.

ಈಗ ವಹಿ ವಿಷಯ. ಪೂರಾ ತಿಂಗಳಿಗೆ ಅಕಿಗೆ 2,20,000 ಯೆನ್. ವೈನಿ ಇದನ್ನ ಕೇಳಿನ ‘ಲಕ್ಷಗಟ್ಟಲೆ’ ಅಂದಿರಬೇಕು. ಯೆನ್ನಿಗೆ ಅರವತ್ತು ಪೈಸಾ ಹಿಡದ್ರೂ 1,32,000 ರೂಪಾಯಿ ಆತು, ಅದೂ ತೆರಿಗಿ, ವಿಮಾ ಹೋಗೂಕಿಂತ ಮೊದಲ. ಜನೇವರಿದು ಬಂದದ್ದು 1,38,000 ಯೆನ್. ಬಾಡಿಗಿ 42,000. ಚಿಮಣಿ ಎಣ್ಣಿ ಡಬ್ಬಿಗೆ 2,100, ನಾ ಇದ್ದಾಗ ನಾಕು ದಿನಕ್ಕೊಂದು ಡಬ್ಬಿ, ಅಂದ್ರ ತಿಂಗಳಿಗೆ 16,800. ಕರೆಂಟು, ಫೋನು, ಬಸ್ಸು, ವಿಮಾ. ಒಂದು ಹೂಕೋಸಿಗೆ 300. ಅದರಾಗ ‘ಅವ್ವ – ನಳ – 15,000’ ಅಂತ ಬರದಿದ್ಲು. ಅದರ ಕೆಳಗ ಹಿಂದಿನ ವರ್ಷದ ಹಾಳಿ ಇತ್ತು. ಜನೇವರಿದಾಗ ಒಂದು ಸಾಲು: ‘ರಾತ್ರಿ ಹೀಟರ್ ಬ್ಯಾಡ’. ನಾ ಆ ವರ್ಷ ಅದ ತಿಂಗಳದಾಗ ಎಳ್ಳು-ಬೆಲ್ಲ ಹಂಚಿ, ‘ಮಗಳು ಫಾರಿನ್ನಿನ್ಯಾಗ ಆರಾಮ ಅದಾಳ’ ಅಂತ ನಲವತ್ತು ಮನಿಗೆ ಹೇಳಿ ಬಂದಿದ್ದೆ.

ನೀವು ಕೇಳಬಹುದು, ನಮ್ಮ ಮನಿಯವ್ರೂ ಕೇಳಿದ್ರು: ಕೆಲಸಾ ಇಲ್ಲದ ದಿನಕ್ಕ ಪಗಾರ ಯಾಕ ಕೊಡಬೇಕು? ಮಾತು ಬರೊಬ್ಬರಿ ಅನಸ್ತದ. ನಂಗೂ ಅನಿಸಿತ್ತು. ಆದ್ರ ಕೂತು ವಿಚಾರ ಮಾಡ್ರಿ. ಸೂಟಿ ಯಾರು ಕೊಟ್ಟದ್ದು? ಇಕಿ ಕೇಳಿದ್ದಲ್ಲ. ಬರ್ಫ ಬೀಳೋ ಕಡೆ ಬ್ಯಾಸಿಗಿ ಸೂಟಿ ಸಣ್ಣದು, ಚಳಿಗಾಲದ್ದು ದೊಡ್ಡದು, ಡಿಸೆಂಬರ್ ಕಡಿಂದ ಜನೇವರಿ ಅರ್ಧದ ತನಾ. ಬೆಚ್ಚಗಿನ ಊರಾಗ ಎರಡು ವಾರ ಇದ್ರ ಅಲ್ಲೆ ಮೂರು ವಾರ. ಅಂದ್ರ ಯಾವ ಊರಾಗ ಥಂಡಿ ಹೆಚ್ಚೋ, ಎಣ್ಣಿಗೆ ಖರ್ಚು ಹೆಚ್ಚೋ, ಆ ಊರಿನ ಮಾಸ್ತರಿಗೆ ಅದ ತಿಂಗಳದಾಗ ಪಗಾರ ಕಡಿಮಿ. ಆ ಮೂರು ವಾರ ಹೋಟೆಲ್‌ದಾಗ ಪಾತ್ರೆ ತಿಕ್ಕಿ ಗಳಸ್ತೀನಿ ಅಂದ್ರೂ ಬರೂದಿಲ್ಲ, ಅಕಿ ವೀಸಾ ಕಲಿಸೋ ಕೆಲಸದ್ದು, ಬ್ಯಾರೆ ದುಡೀಬೇಕಂದ್ರ ಬ್ಯಾರೆ ಪರವಾನಗಿ ಬೇಕು. ಹಂಗಾರ ಆ ದಿನಾ ಅಕೀವೂ ಅಲ್ಲ, ಕಂಪನಿವೂ ಅಲ್ಲ. ಮನಿ ಮಾಲಕ ಜನೇವರಿದಾಗ ಅರ್ಧಾ ಬಾಡಿಗಿ ತಗೋತಾನೇನು? ಹೊಟ್ಟಿ ಸೂಟಿ ತಗೋತದೇನು?

ಫೆಬ್ರುವರಿದಾಗ ಅಕಿಗೆ ಫ್ಲೂ ಬಂತು, ನನ್ನ ಮುಂದನ. 39 ಡಿಗ್ರಿ ಜ್ವರಾ. ವರ್ಷಕ್ಕ ಇರೋ ಪಗಾರದ ರಜಾದಾಗ ಐದು ಅದಕ್ಕ ಹೋದ್ವು. ಜ್ವರದಾಗನೂ ಬೆರಳು ಮಡಚಿ ಎಷ್ಟು ಉಳದ್ವು ಅಂತ ಎಣಸ್ತಿದ್ಲು. ಆ ಅಜ್ಜಿ ಸೇಬು ಕುದಿಸಿ ತಂದುಕೊಟ್ರು, ಎರಡು ಸಲ ನಮ್ಮ ಬಾಗಿಲಾ ಮುಂದಿನ ಬರ್ಫೂ ತೆಗದ್ರು. ಎಪ್ಪತ್ತು ದಾಟಿದಾಕಿ. ಆ ಊರಿನ ಮಂದಿ ಮ್ಯಾಲೆ ನನ್ನ ತಕರಾರಿಲ್ಲ, ಮೊದಲ ಹೇಳ್ತೀನಿ.

ಮತ್ತ ನಮ್ಮ ಕಡೆ ನೋಡ್ಕೋಬೇಕು. ಮಗಳು ಆರನೇ ಇಯತ್ತೆ ಇದ್ದಾಗ ಗಣಿತಕ್ಕ ಒಬ್ರು ಟ್ಯೂಶನ್ ಟೀಚರ್ ಬರತಿದ್ರು. ವಿಧವೆ, ಇಬ್ರು ಹುಡುಗೂರು. ಮೇ ತಿಂಗಳಾ ಪಾಠ ಇಲ್ಲ ಅಂತ ನಾ ಫೀ ಕೊಡಲಿಲ್ಲ. ದೀಪಾವಳಿ ವಾರದ್ದೂ ಮುರಕೊಂಡೆ. ಅವರು ಏನೂ ಅನ್ನಲಿಲ್ಲ, “ಆತ್ರಿ” ಅಂದ್ರು. ಆ “ಆತ್ರಿ” ನಂಗ ಈಗ ಕೇಳಸ್ತದ. ನೀವು ಯಾರ ಯಾರಿಗೆ ಮೇ ತಿಂಗಳಾ ಕೊಡೂದಿಲ್ಲ? ಸಂಗೀತದ ಟೀಚರಿಗೆ? ಸಾಲಿ ರಿಕ್ಷಾದಾಂವಗ? ಊರಿಗೆ ಹೋದಾಗ ಭಾಂಡೆ ತಿಕ್ಕಾಕಿಗೆ? ಎದಿ ಮುಟ್ಟಿ ಹೇಳ್ರಿ. ಆ ಕಂಪನಿ ಮಾಡೋದು ನಾವು ಹೆಂಗಸರು ಕೂತು ‘ಉಳತಾಯ’ ಅಂತ ಮಾಡೋದನ್ನ, ಕೋಟು ಹಾಕ್ಕೊಂಡು.

ಇನ್ನ “ಅಷ್ಟು ತ್ರಾಸಿದ್ರ ವಾಪಸ್ ಕರಸ್ಕೋ, ಲಗ್ನಾ ಮಾಡು” ಅನ್ನೋರು. ಕಾಕು, ನಿಮಗ. ನಾ ಅಲ್ಲೆ ಇದ್ದಾಗ ಒಂದಿನಾ ಸಾಲಿ ಬಿಡೋ ಹೊತ್ತಿಗೆ ಗೇಟಿಗೆ ಹೋಗಿದ್ದೆ. ನಾಕೂವರಿ ಆಗಿತ್ತು, ಆಗಲೇ ಕತ್ತಲಿ. ಒಬ್ಬ ಸಣ್ಣ ಹುಡುಗ ಬಂದು ನನ್ನ ಮುಂದ ನಿಂತು, ನೆಟ್ಟಗ ಮುಖಾ ನೋಡಿ, “ಹಲೋ. ಐ ಲೈಕ್ ಸ್ನೋ. ಡೂ ಯು ಲೈಕ್ ಸ್ನೋ?” ಅಂದ. ನಾ “ನೋ” ಅಂದೆ. ಅಂವಾ ಬಿದ್ದು ಬಿದ್ದು ನಕ್ಕ, ಓಡಿ ಹೋಗಿ ಉಳದ ಹುಡುಗೂರಿಗೆ ಹೇಳಿದ. ನನ್ನ ಮಗಳು ಹೇಳಿದ್ಲು, ಆ ಹುಡುಗ ವರ್ಷದಿಂದ ಕ್ಲಾಸಿನ್ಯಾಗ ಬಾಯಿನ ತೆಗದಿರಲಿಲ್ಲಂತ. ಅವತ್ತು ರಾತ್ರಿ ಮೂರು ಸಲ ಅದನ್ನ ಹೇಳಿದ್ಲು. ಅಂಥಾ ಕೆಲಸಾ ಅದು. ಬಿಟ್ಟು ಬಾ ಅಂತ ನಾ ಹೇಳೂದಿಲ್ಲ. ಲಗ್ನದ್ದು ಅಕಿ ನೋಡ್ಕೋತಾಳ.

ಈ ವರ್ಷ ಅಕ್ಟೋಬರದಾಗ ಅಕಿ ಮತ್ತ ಇಬ್ರು, ಒಬ್ಬಾಕಿ ಫಿಲಿಪೀನ್ಸ್‌ದಾಕಿ, ಒಬ್ಬಾಂವ ಅಮೆರಿಕದಾಂವ, ಕೂಡಿ ಅಲ್ಲಿನ ಒಂದು ಕಾಮಗಾರರ ಸಂಘಾ ಸೇರ್ಯಾರ. ಡಿಸೆಂಬರ್, ಜನೇವರಿದು ಪೂರಾ ಪಗಾರ ಕೊಡ್ರಿ ಅಂತ ಕಂಪನಿಗೆ ಪತ್ರಾ ಬರದಾರ. ಅದನ್ನ ಕೇಳಿ ನಮ್ಮ ಮನಿಯೊಳಗ ದೊಡ್ಡ ಗದ್ದಲ. ಭಾವನವ್ರು ಫೋನ್ ಮಾಡಿ “ಪರದೇಶ, ಹೆಣ್ಣುಮಗಳು, ಸುಮ್ನ ಸಹಿ ಮಾಡಿ ಇರಬೇಕು, ಮುಂದಿನ ವರ್ಷ ಕರಾರು ಮಾಡಲಿಲ್ಲಂದ್ರ?” ಅಂದ್ರು. ಮಾಡದನೂ ಇರಬಹುದು. ನಂಗೂ ಅಂಜಿಕಿ ಅದ, ಇಲ್ಲ ಅನ್ನೂದಿಲ್ಲ. ಆದ್ರ ಅಕಿಗೆ ಫೋನ್ ಮಾಡಿ “ಸುಮ್ನಿರು” ಅಂತ ಹೇಳ್ರಿ ಅಂದಾಗ ನಾ ಒಲ್ಲೆ ಅಂದೆ. ನೀವೂ ಯಾರೂ ಅಕಿಗೆ ಹಂಗ ಮೆಸೇಜ್ ಕಳಿಸಬ್ಯಾಡ್ರಿ, ಕೈ ಮುಗದು ಕೇಳ್ಕೋತೀನಿ. ಮೂರು ಮಂದಿ ಕಳಿಸೀರಿ, ನಂಗ ಗೊತ್ತದ.

ಪತ್ರಕ್ಕ ಉತ್ತರಾ ಇನ್ನೂ ಬಂದಿಲ್ಲ. ನಿನ್ನೆ ಅಲ್ಲೆ ಈ ವರ್ಷದ ಮೊದಲನೇ ಬರ್ಫ ಬಿತ್ತಂತ, ಫೋಟೋ ಕಳಿಸ್ಯಾಳ. ಈ ಸಲ ನಾ ಅದನ್ನ ಗ್ರುಪ್ಪಿಗೆ ಹಾಕಿಲ್ಲ. ಆ ಟ್ಯೂಶನ್ ಟೀಚರ್ ಮನಿ ಎಲ್ಲೆ ಅಂತ ಯಾರಿಗರೆ ಗೊತ್ತಿದ್ರ ಹೇಳ್ರಿ, ಮೊದಲ ಗಾಂಧಿನಗರದಾಗ ಹಿಟ್ಟಿನ ಗಿರಣಿ ಹಿಂದ ಇರತಿದ್ರು, ಈಗ ಅಲ್ಲಿಲ್ಲ.